ಕಿರುಚಬೇಕಾ, ನಗಬೇಕಾ? ಕಡಿಮೆ ಬಜೆಟ್‌ನ ಹಾರರ್ ಕಾಮಿಡಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಡಿಮೆ ದುಡ್ಡಿನಲ್ಲಿ ಮಾಡಿದ ಹಾರರ್ ಕಾಮಿಡಿ ಸಿನಿಮಾಗಳೆಂದರೆ ನನಗೆ ಪ್ರಾಣ. ಇದನ್ನು ಹೇಳಿದ ತಕ್ಷಣ ಎದುರಿಗಿದ್ದವರಿಂದ ಒಂದಷ್ಟು ಪ್ರಶ್ನೆ ಬರುತ್ತವೆ. ಹೆಚ್ಚುಕಡಿಮೆ ಅವೇ ಪ್ರಶ್ನೆಗಳು, ಮತ್ತೆ ಮತ್ತೆ. ಒಳ್ಳೆಯ ಪ್ರಶ್ನೆಗಳೇ. ಹಾಗಾಗಿ ಸಮಾಧಾನವಾಗಿ ಕೂತು ಉತ್ತರ ಬರೆದಿದ್ದೇನೆ.

ಹಾರರ್ ಕಾಮಿಡಿ ಅಂದರೆ ದೆವ್ವದ ಸಿನಿಮಾದಲ್ಲಿ ಒಬ್ಬ ಹಾಸ್ಯನಟ ಇರುವುದಾ?

ಅಲ್ಲ. ಹೆದರಿಸುವ ದೃಶ್ಯ ಬೇರೆ, ನಗಿಸುವ ದೃಶ್ಯ ಬೇರೆ ಮಾಡಿ ಒಂದಾದ ಮೇಲೊಂದು ಜೋಡಿಸಿದರೆ ಅದು ಒಂದೇ ಟಿಕೆಟ್‌ಗೆ ಎರಡು ಸಿನಿಮಾ ಆಯಿತು. ನಿಜವಾದ ಹಾರರ್ ಕಾಮಿಡಿಯಲ್ಲಿ ಹೆದರಿಕೆ ಎಲ್ಲಿದೆಯೋ ನಗುವೂ ಅಲ್ಲೇ ಹುಟ್ಟುತ್ತದೆ.

1987ರ ‘ಈವಿಲ್ ಡೆಡ್ 2’ ನೋಡಿ. ನಾಯಕನ ಬಲಗೈಗೆ ದೆವ್ವ ಹಿಡಿಯುತ್ತದೆ. ಅವನದೇ ಕೈ ಅವನನ್ನು ಹಿಡಿದು ಬಡಿಯುತ್ತದೆ, ತಲೆಯ ಮೇಲೆ ತಟ್ಟೆಗಳನ್ನು ಒಡೆಯುತ್ತದೆ. ಇಲ್ಲಿ ಕಂಪ್ಯೂಟರ್ ಕೈಚಳಕ ಏನೂ ಇಲ್ಲ. ಬ್ರೂಸ್ ಕ್ಯಾಂಬೆಲ್ ಎಂಬ ನಟ ತಮ್ಮ ಕೈಯಿಂದ ತಾವೇ ಹೊಡೆದುಕೊಳ್ಳುತ್ತಿದ್ದಾರೆ, ಅಷ್ಟೇ. ನಮ್ಮ ಮೈಯೇ ನಮ್ಮ ಮಾತು ಕೇಳದೆ ಹೋದರೆ ಅಂತ ಯೋಚಿಸಿದರೆ ಮೈ ಜುಂ ಅನ್ನುತ್ತದೆ. ಒಬ್ಬ ಮನುಷ್ಯ ಅಡುಗೆಮನೆಯಲ್ಲಿ ತನ್ನ ಕೈ ಜೊತೆಗೇ ಜಗಳಕ್ಕೆ ಬಿದ್ದಿದ್ದಾನೆ ಅಂತ ನೋಡಿದರೆ ನಗು ತಡೆಯಲಾಗುವುದಿಲ್ಲ. ಎರಡೂ ಒಂದೇ ದೃಶ್ಯ.

ಹೆದರಿಕೆ, ನಗು ಎರಡೂ ಒಂದೇ ಸಲ ಹೇಗೆ ಬರುತ್ತವೆ? ಒಂದು ಬಂದರೆ ಇನ್ನೊಂದು ಹೋಗಬೇಕಲ್ವಾ?

ಪುಟ್ಟ ಮಗುವನ್ನು ಮೇಲಕ್ಕೆ ಎಸೆದು ಹಿಡಿಯುವುದನ್ನು ನೋಡಿರುತ್ತೀರಿ. ಗಾಳಿಯಲ್ಲಿದ್ದಾಗ ಮಗುವಿನ ಕಣ್ಣು ಅಗಲವಾಗಿರುತ್ತದೆ, ಉಸಿರು ನಿಂತಂತಿರುತ್ತದೆ. ಕೈಗೆ ಬಿದ್ದ ಕೂಡಲೇ ಕೇಕೆ ಹಾಕಿ ನಗುತ್ತದೆ. ಇನ್ನೊಂದು ಸಲ ಎಸೆಯಿರಿ ಅನ್ನುತ್ತದೆ. ಗುರುತಿಲ್ಲದವರು ಎತ್ತಿಕೊಂಡು ಹೀಗೇ ಎಸೆದರೆ ಅದೇ ಮಗು ಜೋರಾಗಿ ಅಳುತ್ತದೆ. ಬೀಳುವ ಭಯವೂ ಇರಬೇಕು, ಹಿಡಿಯುತ್ತಾರೆ ಅನ್ನುವ ನಂಬಿಕೆಯೂ ಇರಬೇಕು. ಆಗ ಮಾತ್ರ ನಗು.

ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರನ್ ಎಂಬ ಸಂಶೋಧಕರು 2010ರಲ್ಲಿ ನಗುವಿನ ಬಗ್ಗೆ ಇದಕ್ಕೆ ಹತ್ತಿರದ ಮಾತನ್ನೇ ಮುಂದಿಟ್ಟರು. ಏನೋ ಆಗಬಾರದ್ದು ಆಗುತ್ತಿದೆ, ಆದರೆ ಅದರಿಂದ ಅಪಾಯವಿಲ್ಲ ಅಂತಲೂ ಅದೇ ಹೊತ್ತಿಗೆ ಅನ್ನಿಸಬೇಕು. ಆಗ ನಗು ಬರುತ್ತದೆ ಅನ್ನುವುದು ಅವರ ವಾದ.

ಇನ್ನೊಂದು ವಿವರಣೆ 1970ರ ದಶಕದ್ದು, ಡಾಲ್ಫ್ ಜಿಲ್‌ಮನ್ ಎಂಬ ಸಂಶೋಧಕರದ್ದು. ಹೆದರಿದಾಗ ಎದೆಬಡಿತ ಏರುತ್ತದೆ. ಹೆದರಿಕೆಯ ಕಾರಣ ಹೋದರೂ ಮೈ ತಕ್ಷಣ ತಣ್ಣಗಾಗುವುದಿಲ್ಲ. ಆ ಬಿಸಿ ಮುಂದೆ ಬರುವ ಭಾವನೆಗೆ ಸೇರಿಕೊಂಡು ಅದನ್ನು ದೊಡ್ಡದು ಮಾಡುತ್ತದೆ. ಹಾಗಾಗಿಯೇ, ಬೇರೆ ಹೊತ್ತಿನಲ್ಲಿ ಮುಗುಳ್ನಗೆ ತರುವಂಥ ಜೋಕು ಹೆದರಿದ ಮರುಕ್ಷಣ ಬಂದರೆ ಹೊಟ್ಟೆ ಹಿಡಿದು ನಗುತ್ತೇವೆ.

ಇದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಕಟ್ಟುವ ಕೆಲಸದಲ್ಲಿ ಹೆದರಿಕೆ, ನಗು ಎರಡೂ ಅಕ್ಕತಂಗಿಯರು. ಮುಚ್ಚಿದ ಬಾಗಿಲು. ಆ ಕಡೆ ಏನೋ ಕೆರೆಯುವ ಸದ್ದು. ಹಿಡಿಯ ಮೇಲೆ ನಡುಗುವ ಕೈ. ಬಾಗಿಲು ತೆರೆಯುವವರೆಗೆ ಇದು ಹಾರರ್ರೋ ಕಾಮಿಡಿಯೋ ಯಾರಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಹಾರರ್ ನಿರ್ದೇಶಕರೂ ಕಾಮಿಡಿ ನಿರ್ದೇಶಕರೂ ಮಾಡುವ ಕೆಲಸ ಒಂದೇ: ಕಾಯಿಸುವುದು. ಎಷ್ಟು ಕಾಯಿಸಬೇಕು, ಯಾವಾಗ ಬಿಡಬೇಕು ಅನ್ನುವುದು ಗೊತ್ತಿದ್ದವರಿಗೆ ಎರಡೂ ಒಲಿಯುತ್ತವೆ.

ದುಡ್ಡು ಕಡಿಮೆ ಇರುವುದು ಕೊರತೆ ಅಲ್ವಾ? ಅದನ್ನೇ ಯಾಕೆ ಹೊಗಳುತ್ತೀರಿ?

ಕೊರತೆಯೇ. ಅದನ್ನು ಅನುಭವಿಸಿದವರಿಗೆ ಅದರ ಕಷ್ಟ ಗೊತ್ತು. ನಾನು ಹೊಗಳುವುದು ಬಡತನವನ್ನಲ್ಲ, ಆ ಇಕ್ಕಟ್ಟಿನಲ್ಲಿ ಜನ ಕಂಡುಕೊಂಡ ದಾರಿಯನ್ನು.

ಮೊದಲ ‘ಈವಿಲ್ ಡೆಡ್’ ಚಿತ್ರೀಕರಣ ಶುರುವಾದಾಗ ನಿರ್ದೇಶಕ ಸ್ಯಾಮ್ ರೈಮಿಗೆ 20 ವರ್ಷ. ಮೊದಲು ಗೆಳೆಯರ ಜೊತೆ ಸೇರಿ ಒಂದು ಕಿರುಚಿತ್ರ ಮಾಡಿದರು. ಅದನ್ನು ತೋರಿಸಿ ಪರಿಚಯದವರ ಹತ್ತಿರ ದುಡ್ಡು ಎತ್ತಿದರು. ಅಮೆರಿಕದ ಟೆನೆಸಿಯಲ್ಲಿ ಕಾಡಿನ ಒಂದು ಹಳೇ ಮನೆ ಹಿಡಿದು ಚಳಿಗಾಲದಲ್ಲಿ ಶೂಟಿಂಗ್ ಮಾಡಿದರು. ಕಾಡಿನೊಳಗಿಂದ ಯಾವುದೋ ದುಷ್ಟಶಕ್ತಿ ಮನೆಯ ಕಡೆ ನುಗ್ಗಿಬರುವುದನ್ನು ತೋರಿಸಬೇಕಿತ್ತು. ಕ್ಯಾಮೆರಾ ಅಲುಗಾಡದೆ ಓಡಿಸುವ ಸಲಕರಣೆಗೆ ದುಡ್ಡಿಲ್ಲ. ಒಂದು ಮರದ ಹಲಗೆಯ ನಡುವೆ ಕ್ಯಾಮೆರಾ ಬಿಗಿದರು. ಎರಡೂ ತುದಿಯನ್ನು ಇಬ್ಬರು ಹಿಡಿದುಕೊಂಡು ಕಾಡಿನಲ್ಲಿ ಓಡಿದರು. ತೆರೆಯ ಮೇಲೆ ಅದು ನೆಲಕ್ಕೆ ಅಂಟಿಕೊಂಡು ಹಾರಿಬರುವ ಯಾವುದೋ ಪ್ರಾಣಿಯ ಕಣ್ಣಿನ ಹಾಗೆ ಕಾಣುತ್ತದೆ. ಇನ್ನು ಕೆಲವು ಕಡೆ ಹಲಗೆಗೆ ವ್ಯಾಸಲಿನ್ ಬಳಿದು ಅದರ ಮೇಲೆ ಕ್ಯಾಮೆರಾ ಜಾರಿಸಿದರು.

ಆ ಶಕ್ತಿ ಹೇಗಿದೆ ಅಂತ ಸಿನಿಮಾ ತೋರಿಸುವುದೇ ಇಲ್ಲ. ತೋರಿಸಿದ್ದರೆ ಒಂದು ಗೊಂಬೆ ಮಾಡಿಸಬೇಕಿತ್ತು, ಆ ಗೊಂಬೆ ಇಷ್ಟು ಹೆದರಿಸುತ್ತಿರಲಿಲ್ಲ. ಕಾಣದ್ದನ್ನು ನಾವು ನಮ್ಮ ತಲೆಯಲ್ಲೇ ಕಟ್ಟಿಕೊಳ್ಳುತ್ತೇವೆ. ಆ ಕೆಲಸಕ್ಕೆ ನಿರ್ಮಾಪಕರು ದುಡ್ಡು ಕೊಡಬೇಕಿಲ್ಲ.

ಜಾಗದ ಮಾತೂ ಇದೆ. ದುಡ್ಡಿಲ್ಲದವರು ಒಂದೇ ಮನೆಯಲ್ಲಿ ಕಥೆ ಮುಗಿಸುತ್ತಾರೆ. ನೋಡುವವರಿಗೆ ಆ ಮನೆಯ ಮೂಲೆಮೂಲೆಯೂ ಪರಿಚಯವಾಗುತ್ತದೆ. ಪರಿಚಯವಾದ ಜಾಗದಲ್ಲಿ ಒಂದು ಕುರ್ಚಿ ಸರಿದಿದ್ದರೂ ಎದೆ ಧಸಕ್ಕೆನ್ನುತ್ತದೆ.

ಇನ್ನು ವೇಗ. ರೋಜರ್ ಕಾರ್ಮನ್ 1960ರ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಸಿನಿಮಾದ ಬಹುಪಾಲನ್ನು ಎರಡು ಹಗಲು, ಒಂದು ರಾತ್ರಿಯಲ್ಲಿ ತೆಗೆದರು. ಬೇರೆ ಸಿನಿಮಾಕ್ಕೆ ಹಾಕಿದ್ದ ಸೆಟ್ ಇನ್ನೂ ಬಿಚ್ಚಿರಲಿಲ್ಲ, ಅದನ್ನೇ ಬಳಸಿಕೊಂಡರು. ಮನುಷ್ಯರನ್ನು ತಿನ್ನುವ ಒಂದು ಗಿಡದ ಕಥೆ ಅದು. ನಟರಿಗೆ ಹಿಂದೆಮುಂದೆ ಯೋಚಿಸಲು ಸಮಯವಿರಲಿಲ್ಲ. ಆ ಅವಸರವೇ ಸಿನಿಮಾದ ಲಯವಾಗಿದೆ. ಮುಂದೆ ಇದೇ ಕಥೆ ನಾಟಕರಂಗದಲ್ಲಿ ಸಂಗೀತ ನಾಟಕವಾಯಿತು, 1986ರಲ್ಲಿ ದೊಡ್ಡ ಸಿನಿಮಾವೂ ಆಯಿತು.

ರಬ್ಬರ್ ಮುಖವಾಡ ಅಂತ ಗೊತ್ತಾಗುತ್ತೆ, ಗೊಂಬೆ ಅಂತ ಗೊತ್ತಾಗುತ್ತೆ. ಆದರೂ ಮಜಾ ಹೇಗೆ?

ಗೊತ್ತಾಗುವುದರಿಂದಲೇ ಮಜಾ. ನನ್ನ ಮಟ್ಟಿಗೆ ಈ ಸಿನಿಮಾಗಳ ಜೀವ ಇರುವುದೇ ಇಲ್ಲಿ.

ಗೊಂಬೆಯಾಟದಲ್ಲಿ ದಾರ ಕಾಣುತ್ತದೆ. ಆದರೂ ಗೊಂಬೆ ಅತ್ತರೆ ನಮ್ಮ ಗಂಟಲು ಕಟ್ಟುತ್ತದೆ. ದಾರ ಕಾಣುವುದರಿಂದ ಆಡಿಸುವವರ ಕೈಯೂ ನಮ್ಮ ಮನಸ್ಸಿನಲ್ಲಿರುತ್ತದೆ. ಇದನ್ನು ಯಾರೋ ಮಾಡುತ್ತಿದ್ದಾರೆ, ನಮಗೋಸ್ಕರ ಮಾಡುತ್ತಿದ್ದಾರೆ ಅಂತ ಒಳಗೊಳಗೇ ಖುಷಿಯಾಗುತ್ತದೆ.

ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ತಮ್ಮ ಮೊದಲ ಸಿನಿಮಾ ‘ಬ್ಯಾಡ್ ಟೇಸ್ಟ್’ ಅನ್ನು ಸುಮಾರು ನಾಲ್ಕು ವರ್ಷ ತೆಗೆದರು. ವಾರವೆಲ್ಲ ಪತ್ರಿಕೆಯೊಂದರಲ್ಲಿ ಕೆಲಸ, ರಜೆಯ ದಿನ ಗೆಳೆಯರ ಜೊತೆ ಶೂಟಿಂಗ್. ಅನ್ಯಗ್ರಹದ ಜೀವಿಗಳ ಮುಖವಾಡಗಳನ್ನು ಅಮ್ಮನ ಅಡುಗೆಮನೆಯ ಓವನ್‌ನಲ್ಲಿ ಬೇಯಿಸಿ ಮಾಡಿದರು. ಎರಡು ಪಾತ್ರಗಳನ್ನು ತಾವೇ ಮಾಡಿದರು. ಒಂದಕ್ಕೆ ಗಡ್ಡವಿದೆ, ಇನ್ನೊಂದಕ್ಕಿಲ್ಲ. ಕಡಿದಾದ ಬಂಡೆಯ ಹತ್ತಿರ ಆ ಎರಡು ಪಾತ್ರಗಳು ಹೊಡೆದಾಡುತ್ತವೆ. ಅಂದರೆ ಗಡ್ಡವಿದ್ದಾಗ ಒಂದಷ್ಟು ಶಾಟ್, ಬೋಳಿಸಿದ ಮೇಲೆ ಉಳಿದ ಶಾಟ್. ಇದು ಗೊತ್ತಿದ್ದು ಆ ಹೊಡೆದಾಟ ನೋಡಿದರೆ ನಗು ಉಕ್ಕುತ್ತದೆ, ಜೊತೆಗೆ ಆ ಹಟಕ್ಕೆ ಕೈ ಮುಗಿಯಬೇಕು ಅನ್ನಿಸುತ್ತದೆ. ಕೊನೆಗೆ ಅಲ್ಲಿನ ಸರ್ಕಾರಿ ಸಿನಿಮಾ ಸಂಸ್ಥೆ ಮುಗಿಸಲು ದುಡ್ಡು ಕೊಟ್ಟಿತು. 1987ರಲ್ಲಿ ಸಿನಿಮಾ ಹೊರಬಂತು.

ದೊಡ್ಡ ಬಜೆಟ್‌ನ ಕಂಪ್ಯೂಟರ್ ರಾಕ್ಷಸನನ್ನು ನೋಡಿ ನಾನು ಬೆರಗಾಗಿದ್ದೇನೆ. ಆದರೆ ಅದನ್ನು ಮಾಡಿದವರ ನೆನಪು ಬರುವುದಿಲ್ಲ. ಓವನ್‌ನಲ್ಲಿ ಬೆಂದ ಮುಖವಾಡ ನೋಡಿದರೆ ಮಾಡಿದವರ ಜೊತೆಗೇ ಕೂತ ಹಾಗಾಗುತ್ತದೆ.

ರಕ್ತಕ್ಕೆ ಏನು ಬಳಸುತ್ತಾರೆ?

ಹೆಚ್ಚಾಗಿ ಸಕ್ಕರೆ ಪಾಕ. ಜೋಳದ ಸಿರಪ್‌ಗೆ ಕೆಂಪು ಬಣ್ಣ ಬೆರೆಸುತ್ತಾರೆ. ಪಾಕ ರಕ್ತದಷ್ಟೇ ಮಂದವಾಗಿರುತ್ತದೆ, ಬಾಯಿಗೆ ಹೋದರೂ ತೊಂದರೆಯಿಲ್ಲ. ತೀರಾ ಪಾರದರ್ಶಕವಾಗಿ ಕಾಣಬಾರದು ಅಂತ ‘ಈವಿಲ್ ಡೆಡ್’ ತಂಡ ಕಾಫಿಗೆ ಹಾಕುವ ಕ್ರೀಮರ್ ಪುಡಿಯನ್ನೂ ಸೇರಿಸಿತ್ತು. ಕಪ್ಪುಬಿಳುಪು ಸಿನಿಮಾಗಳಲ್ಲಿ ಕೆಲಸ ಇನ್ನೂ ಸುಲಭ. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ರಕ್ತ ಚಾಕೊಲೇಟ್ ಸಿರಪ್.

ತುಂಬ ಕೆಟ್ಟದಾಗಿರುವ ಸಿನಿಮಾ ನೋಡಿ ನಗುವುದೂ ಇದೂ ಒಂದೇನಾ?

ಬೇರೆ ಬೇರೆ. ಒಂದರಲ್ಲಿ ಸಿನಿಮಾದ ಜೊತೆ ನಗುತ್ತೇವೆ, ಇನ್ನೊಂದರಲ್ಲಿ ಸಿನಿಮಾ ನೋಡಿ ನಗುತ್ತೇವೆ.

ಎರಡನೆಯದಕ್ಕೆ ಎಲ್ಲರೂ ಕೊಡುವ ಉದಾಹರಣೆ ಎಡ್ ವುಡ್ ಅವರ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’. ಅದರ ನಟ ಬೆಲಾ ಲುಗೋಸಿ 1956ರಲ್ಲೇ ತೀರಿಕೊಂಡಿದ್ದರು. ಅವರನ್ನಿಟ್ಟು ತೆಗೆದ ಸ್ವಲ್ಪ ದೃಶ್ಯಗಳಷ್ಟೇ ಕೈಯಲ್ಲಿದ್ದವು. ಉಳಿದ ಕಡೆ ನಿರ್ದೇಶಕರು ತಮ್ಮ ಹೆಂಡತಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರೊಬ್ಬರನ್ನು ನಿಲ್ಲಿಸಿದರು. ಅವರಿಗೂ ಲುಗೋಸಿಗೂ ಹೋಲಿಕೆಯಿಲ್ಲ. ಅದಕ್ಕೆ ಮೇಲಂಗಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೇ ನಡೆಯುತ್ತಾರೆ. ನಗಿಸಬೇಕು ಅಂತ ಮಾಡಿದ್ದಲ್ಲ. ಹಾಗಿದ್ದರೂ ಇಷ್ಟು ವರ್ಷವಾದ ಮೇಲೂ ಜನ ಅದನ್ನು ಪ್ರೀತಿಯಿಂದ ನೋಡುತ್ತಾರೆ. ಆ ಮನುಷ್ಯನಿಗೆ ಸಿನಿಮಾ ಮೇಲೆ ಎಷ್ಟು ಆಸೆಯಿತ್ತು ಅನ್ನುವುದು ಪ್ರತಿ ಶಾಟ್‌ನಲ್ಲೂ ಕಾಣುತ್ತದೆ.

ನನಗೆ ಒಗ್ಗದ್ದು ಮೂರನೆಯದು: ಬೇಕಂತಲೇ ಕೆಟ್ಟದಾಗಿ ಮಾಡಿ, ನೋಡಿ ಎಷ್ಟು ಕೆಟ್ಟದಾಗಿದೆ ಅಂತ ತೋರಿಸಿಕೊಳ್ಳುವ ಸಿನಿಮಾ. ಅಲ್ಲಿ ಯಾರೂ ಏನನ್ನೂ ಪ್ರಯತ್ನಪಟ್ಟಿರುವುದಿಲ್ಲ. ಇರುವ ಹತ್ತು ರೂಪಾಯಿಯಲ್ಲಿ ನೂರು ರೂಪಾಯಿಯ ಕನಸು ಕಂಡವರನ್ನು ನೋಡಲು ನಾನು ಬರುತ್ತೇನೆ. ಹತ್ತನ್ನೂ ಉದಾಸೀನ ಮಾಡಿ ಬಿಸಾಡಿದವರನ್ನು ನೋಡಲು ಅಲ್ಲ.

ಒಂದೇ ಸಿನಿಮಾ ನೋಡುತ್ತೇನೆ. ಯಾವುದು ಹೇಳಿ.

‘ಒನ್ ಕಟ್ ಆಫ್ ದಿ ಡೆಡ್’. ಜಪಾನಿನದು, 2017ರದ್ದು. ನಿರ್ದೇಶಕರು ಶಿನಿಚಿರೊ ಉಎಡ. ಖರ್ಚಾದದ್ದು ಸುಮಾರು 30 ಲಕ್ಷ ಯೆನ್. ನಟರೆಲ್ಲ ಹೊಸಬರು. ಮೊದಲು ಒಂದು ಸಣ್ಣ ಚಿತ್ರಮಂದಿರದಲ್ಲಿ ಆರು ದಿನ ತೋರಿಸಿದರು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಮುಂದಿನ ವರ್ಷ ದೇಶದ ತುಂಬ ಓಡಿತು, 300 ಕೋಟಿ ಯೆನ್‌ಗೂ ಜಾಸ್ತಿ ಗಳಿಸಿತು. ಹಾಕಿದ ದುಡ್ಡಿನ ಸಾವಿರ ಪಟ್ಟು.

ಶುರುವಿನ 37 ನಿಮಿಷ ಒಂದೇ ಶಾಟ್, ನಡುವೆ ಎಲ್ಲೂ ಕಟ್ ಇಲ್ಲ. ಪಾಳುಬಿದ್ದ ಕಟ್ಟಡದಲ್ಲಿ ಜಾಂಬಿ, ಅಂದರೆ ಎದ್ದು ಓಡಾಡುವ ಹೆಣಗಳ, ಸಿನಿಮಾ ತೆಗೆಯುತ್ತಿರುವ ತಂಡದ ಮೇಲೆ ನಿಜವಾದ ಜಾಂಬಿಗಳು ಬೀಳುತ್ತವೆ. ಈ ಭಾಗ ನೋಡುವಾಗ ಅಲ್ಲಲ್ಲಿ ವಿಚಿತ್ರ ಅನ್ನಿಸುತ್ತದೆ. ನಟರು ಸುಮ್ಸುಮ್ನೆ ನಿಂತುಬಿಡುತ್ತಾರೆ. ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಇದೇನು ಇಷ್ಟು ಸಪ್ಪೆ ಅಂತ ಎದ್ದು ಹೋಗಬೇಡಿ, ದಯವಿಟ್ಟು. ಮುಂದಿನದನ್ನು ನಾನು ಹೇಳುವುದಿಲ್ಲ. ಈ ಸಿನಿಮಾ ಬಗ್ಗೆ ಇನ್ನೇನೂ ಓದದೆ ನೋಡಿ. ಮುಗಿಯುವ ಹೊತ್ತಿಗೆ ಮೊದಲು ಸಪ್ಪೆ ಅನ್ನಿಸಿದ್ದ ಒಂದೊಂದು ಕ್ಷಣವೂ ಬೇರೆಯೇ ಆಗಿ ಕಾಣುತ್ತದೆ. ನಾನು ಕೊನೆಯ ಹತ್ತು ನಿಮಿಷ ನಗುತ್ತಾ ಕಣ್ಣೊರೆಸಿಕೊಂಡೆ. ಯಾವ ಕಣ್ಣೀರು ನಗುವಿನದ್ದು, ಯಾವುದು ಅಲ್ಲ ಅಂತ ಬೇರೆ ಮಾಡಲು ಆಗಲಿಲ್ಲ.

ರಕ್ತ ನೋಡಿದರೆ ನನಗೆ ತಲೆ ಸುತ್ತುತ್ತೆ. ನನಗೂ ಏನಾದರೂ ಇದೆಯಾ?

ಇದೆ. ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಕಪ್ಪುಬಿಳುಪಿನದ್ದು, ಹೊಟ್ಟೆ ತೊಳೆಸುವಂಥದ್ದು ಬಹಳ ಕಡಿಮೆ. ಸ್ವಲ್ಪ ರಕ್ತ ಪರವಾಗಿಲ್ಲ ಅನ್ನುವವರು 2014ರ ‘ವಾಟ್ ವಿ ಡು ಇನ್ ದಿ ಶಾಡೋಸ್’ ನೋಡಬಹುದು. ಟೈಕಾ ವೈಟೀಟಿ ಮತ್ತು ಜೆಮೇನ್ ಕ್ಲೆಮೆಂಟ್ ಸೇರಿ ಮಾಡಿದ್ದು. ನೂರಾರು ವರ್ಷ ವಯಸ್ಸಾದ ರಕ್ತಪಿಶಾಚಿಗಳು ಒಂದೇ ಮನೆಯಲ್ಲಿ ಬಾಡಿಗೆಗಿದ್ದಾರೆ. ಪಾತ್ರೆ ತೊಳೆಯುವ ಸರದಿ ಯಾರದು ಅಂತ ಜಗಳ. ಒಬ್ಬ ಐದು ವರ್ಷದಿಂದ ತೊಳೆದಿಲ್ಲ. ಸಾಕ್ಷ್ಯಚಿತ್ರದ ಹಾಗೆ ತೆಗೆದಿದ್ದಾರೆ. ನಟರು ಮಾತನ್ನು ಅಲ್ಲೇ ಕಟ್ಟಿ ಆಡಿದ್ದು ಜಾಸ್ತಿ. ಸಾವಿಲ್ಲದವರಿಗೂ ಮನೆಕೆಲಸ ತಪ್ಪಿಲ್ಲ ಅನ್ನುವ ಒಂದೇ ಎಳೆಯನ್ನು ಹಿಡಿದು ಇಡೀ ಸಿನಿಮಾ ನೇಯ್ದಿದ್ದಾರೆ.

‘ಬ್ಯಾಡ್ ಟೇಸ್ಟ್’ ಕಡೆ ಮಾತ್ರ ನೀವು ಹೋಗಬೇಡಿ.

ಒಬ್ಬರೇ ನೋಡಬೇಕಾ, ಗುಂಪಿನಲ್ಲಿ ನೋಡಬೇಕಾ?

ಗುಂಪಿನಲ್ಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಗುವಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್, ಜನ ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆ ಅಂತ ಕಂಡುಕೊಂಡಿದ್ದರು. ಹೆದರಿಕೆಯೂ ಹಾಗೇ. ಪಕ್ಕದವರು ಬೆಚ್ಚಿಬಿದ್ದರೆ ನಾವೂ ಬೆಚ್ಚುತ್ತೇವೆ. ಮರುಕ್ಷಣ ಮುಖ ಮುಖ ನೋಡಿಕೊಂಡು ನಗುತ್ತೇವೆ. ತೆರೆಯ ಮೇಲೆ ನಡೆದದ್ದಕ್ಕಿಂತ ಆ ನಗುವೇ ಎಷ್ಟೋ ಸಲ ನೆನಪಿನಲ್ಲಿ ಉಳಿಯುತ್ತದೆ.

ಮಕ್ಕಳಿಗೆ ತೋರಿಸಬಹುದಾ?

ಹೆಸರಿನಲ್ಲಿ ಕಾಮಿಡಿ ಇದೆ ಅಂತ ತೋರಿಸಬೇಡಿ. ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ದೊಡ್ಡವರಿಗೆ ಮಾತ್ರ. ಪ್ರಮಾಣಪತ್ರ ನೋಡಿ, ಮೊದಲು ನೀವು ಪೂರ್ತಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಇಂಥ ಸಿನಿಮಾ ಯಾವಾಗ ಕೆಡುತ್ತದೆ?

ಬಹಳ ಸಲ ಒಂದೇ ಕಾರಣಕ್ಕೆ: ಪಾತ್ರಗಳಿಗೆ ಹೆದರಿಕೆ ಇರುವುದಿಲ್ಲ. ದೆವ್ವ ಎದುರಿಗೆ ನಿಂತಿದೆ, ನಾಯಕ ಜೋಕು ಹೊಡೆಯುತ್ತಾನೆ. ಅವನಿಗೇ ಭಯವಿಲ್ಲದ ಮೇಲೆ ನಮಗೆ ಎಲ್ಲಿಂದ ಬರಬೇಕು? ಭಯ ಹೋದ ಮೇಲೆ ನಗುವಿಗೂ ಬುಡವಿಲ್ಲ. ಪಾತ್ರಗಳು ಜೀವ ಕೈಯಲ್ಲಿ ಹಿಡಿದುಕೊಂಡು ಓಡಬೇಕು. ಹಾಗೆ ಓಡುವಾಗ ಚಪ್ಪಲಿ ಕಿತ್ತುಹೋಗಬೇಕು. ಅವರಿಗೆ ಅದು ಪ್ರಾಣಸಂಕಟ, ನಮಗೆ ನಗು.

ಇನ್ನೊಂದು, ನಿಯಮ ಬದಲಾಯಿಸುವುದು. ದೆವ್ವಕ್ಕೆ ಬೆಳಕು ಕಂಡರೆ ಆಗುವುದಿಲ್ಲ ಅಂತ ಮೊದಲು ಹೇಳಿದರೆ ಕೊನೆಯವರೆಗೂ ಹಾಗೇ ಇರಬೇಕು. ಜೋಕಿಗೋಸ್ಕರ ಮುರಿದರೆ ಆಮೇಲೆ ಯಾವುದಕ್ಕೂ ಬೆಲೆಯಿರುವುದಿಲ್ಲ. ಉದ್ದವೂ ಕೆಡಿಸುತ್ತದೆ. ಒಂದೂವರೆ ಗಂಟೆಯ ಕಥೆಯನ್ನು ಎರಡೂವರೆ ಗಂಟೆಗೆ ಎಳೆದರೆ ಎರಡೂ ರಸ ಆರಿಹೋಗುತ್ತವೆ.

ಹೆದರಿಸುವುದನ್ನು ನೋಡಿದರೆ ಮನಸ್ಸಿಗೆ ಕೆಟ್ಟದ್ದಲ್ವಾ?

ಎಲ್ಲರಿಗೂ ಒಂದೇ ಉತ್ತರವಿಲ್ಲ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತಬಂಗಲೆಯಂಥ ಒಂದು ಮನರಂಜನೆಯ ಜಾಗಕ್ಕೆ ಬಂದ 110 ಜನರ ಎದೆಬಡಿತ ಅಳೆದು ನೋಡಿದರು. ತೀರಾ ಕಡಿಮೆ ಹೆದರಿದವರಿಗೂ ಮಜಾ ಬರಲಿಲ್ಲ, ತೀರಾ ಹೆದರಿದವರಿಗೂ ಬರಲಿಲ್ಲ. ನಡುವೆ ಒಂದು ಹದವಿದೆ. ಹಾರರ್ ಕಾಮಿಡಿ ನನಗೆ ಹಿಡಿಸುವುದು ಇದಕ್ಕೇ. ಭಯ ಹದ ಮೀರುವ ಹೊತ್ತಿಗೆ ಒಂದು ನಗು ಬಂದು ಕೆಳಗಿಳಿಸುತ್ತದೆ. ನಿಮಗೆ ನೋಡಿದ ಮೇಲೆ ನಿದ್ದೆ ಬರುವುದಿಲ್ಲ ಅಂದರೆ ಬಿಟ್ಟುಬಿಡಿ. ಸಿನಿಮಾ ನೋಡುವುದು ಪರೀಕ್ಷೆಯಲ್ಲ.

ದೊಡ್ಡ ನಿರ್ದೇಶಕರು ಎಷ್ಟೋ ಜನ ಇಲ್ಲಿಂದಲೇ ಬಂದರಂತೆ, ನಿಜವಾ?

ನಿಜ. ರೈಮಿ 2002ರಲ್ಲಿ ‘ಸ್ಪೈಡರ್ ಮ್ಯಾನ್’ ಮಾಡಿದರು. ಜಾಕ್ಸನ್ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮಾಡಿದರು, ಅದರ ಮೂರನೇ ಭಾಗಕ್ಕೆ 11 ಆಸ್ಕರ್ ಬಂತು. ದೊಡ್ಡ ಬಜೆಟ್ ಕೈಗೆ ಬಂದ ಮೇಲೂ ಅವರ ಕ್ಯಾಮೆರಾ ತುಂಟತನ ಬಿಟ್ಟಿಲ್ಲ. ‘ಸ್ಪೈಡರ್ ಮ್ಯಾನ್ 2’ರ ಆಸ್ಪತ್ರೆಯ ದೃಶ್ಯ ನೋಡಿ, ಕಾಡಿನ ಆ ಹಳೇ ಮನೆ ನೆನಪಾಗುತ್ತದೆ.

ನಾನೇ ಒಂದು ಮಾಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ತುಂಬ ಸಂತೋಷ. ಕೈಯಲ್ಲಿ ಏನಿದೆ ಅಂತ ಮೊದಲು ಪಟ್ಟಿ ಮಾಡಿ. ಒಂದು ಖಾಲಿ ಕೋಣೆಯಾ, ಕೆಟ್ಟುನಿಂತ ಕಾರಾ, ಚೆನ್ನಾಗಿ ಕಿರುಚುವ ಗೆಳತಿಯಾ? ಕಥೆ ಅದರಿಂದ ಹುಟ್ಟಲಿ. ಕಥೆ ಬರೆದು ಆಮೇಲೆ ಅರಮನೆ ಹುಡುಕಲು ಹೋಗಬೇಡಿ.

ಇರುವ ದುಡ್ಡಿನಲ್ಲಿ ದೊಡ್ಡ ಪಾಲು ಶಬ್ದಕ್ಕೆ ಇಡಿ. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಒಪ್ಪುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಹೆದರಿಕೆಯ ಅರ್ಧ ಕೆಲಸ ಕಿವಿಯದ್ದೇ. ಸೊಪ್ಪಿನ ದಂಟು ಮುರಿದ ಸದ್ದು ಮೂಳೆ ಮುರಿದ ಹಾಗೆ ಕೇಳುತ್ತದೆ, ಮನೆಯಲ್ಲೇ ಮಾಡಿ ನೋಡಿ.

ನಟರಿಗೆ ನಗಿಸಿ ಅಂತ ಹೇಳಬೇಡಿ. ನಿಜವಾಗಿ ಹೆದರಿ ಅಂತ ಹೇಳಿ. ಎಡಿಟಿಂಗ್ ಮಾಡುವಾಗ ಬಾಗಿಲು ತೆರೆಯುವ ಆ ಶಾಟ್ ಅನ್ನು ಮೂರು ಥರ ಕತ್ತರಿಸಿ ಇಟ್ಟುಕೊಳ್ಳಿ: ಎರಡು ಸೆಕೆಂಡ್, ನಾಲ್ಕು ಸೆಕೆಂಡ್, ಏಳು ಸೆಕೆಂಡ್. ಕಥೆ ಗೊತ್ತಿಲ್ಲದ ನಾಲ್ಕು ಜನರನ್ನು ಕೂರಿಸಿ ಮೂರನ್ನೂ ತೋರಿಸಿ. ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.